ಎರಿ ಮಸಾರಿ

ಹಿರಿಯರೆಲ್ಲ ಕೆಳಗೆ ಪಡಸಾಲೆಯಲ್ಲಿ ಮಂಡಕ್ಕಿಯ ಸುಸಲ ತಿನ್ನುತ್ತ ಮಾತಿಗೆ ಕುಳಿತಿದ್ದರು. ಹುಡುಗ ಹುಡುಗಿ ನಾಲ್ಕು ಮಾತಾಡಿಕೊಳ್ಳಲಿ ಎಂದು ಅಂಕಿತಾಳನ್ನೂ ಶಿವಯೋಗಿಯನ್ನೂ ಮಾಳಿಗೆಗೆ ಕಳಿಸಿದರು.

ಮಾಳಿಗೆಯ ಮೇಲೆ ಹೊಸ ಹೆಸರುಕಾಳು ಒಣಗಲು ಹರವಿತ್ತು. ಅದರ ಪಕ್ಕದಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ. ಶಿವಯೋಗಿ ಕುರ್ಚಿಯ ತುದಿಯಲ್ಲಿ ಕುಳಿತು ಹೆಸರುಕಾಳನ್ನೇ ನೋಡತೊಡಗಿದ, ಅದನ್ನೇ ನೋಡಲು ಮುಂಡರಗಿಯಿಂದ ಬಂದವನ ಹಾಗೆ.

ಅಂಕಿತಾಳಿಗೆ ನಗು ಬಂತು. ಗದಗಿನ ಕಿವಿ ತಪಾಸಣಾ ಕೇಂದ್ರದಲ್ಲಿ ಅವಳು ಆಡಿಯಾಲಜಿಸ್ಟ್. ದಿನವಿಡೀ ಕಿವಿ ಮಂದವಾದವರ ಹತ್ತಿರ ಗಟ್ಟಿಯಾಗಿ ಮಾತಾಡಿ ಮಾತಾಡಿ ಮೌನವೆಂದರೆ ಅವಳಿಗೆ ಆಗುತ್ತಿರಲಿಲ್ಲ. ಹುಡುಗ ಬಾಯಿ ಬಿಡುವ ಲಕ್ಷಣ ಕಾಣದ್ದಕ್ಕೆ ಅವಳೇ ಕೇಳಿದಳು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕೆಲಸ ಎಂದು ಅಪ್ಪ ಹೇಳಿದ್ದ. ಅಷ್ಟು ಎತ್ತರ ಹತ್ತಿದಾಗ ಅಂಜಿಕೆ ಆಗುವುದಿಲ್ಲವೇ?

ಶಿವಯೋಗಿ ಮೊದಲ ಸಲ ಕಣ್ಣೆತ್ತಿ ಅವಳನ್ನು ನೋಡಿದ. ಕಣ್ಣು ದೊಡ್ಡವು, ಬಿಸಿಲಿಗೆ ಕಿರಿದು ಮಾಡಿ ಮಾಡಿ ಅಂಚಿನಲ್ಲಿ ಗೆರೆ ಬಿದ್ದಿದ್ದವು.

“ಅಂಜಿಕಿ ಮ್ಯಾಲೆ ಇದ್ದಾಗ ಅಲ್ರಿ,” ಎಂದ. “ಕೆಳಗ ಇಳಿದು ಮಂದ್ಯಾಗ ಬಂದಾಗ.”

ಇದೆಂಥ ಉತ್ತರ ಎಂದುಕೊಂಡಳು ಅಂಕಿತಾ. ಅವನು ಮತ್ತೆ ಹೆಸರುಕಾಳಿನ ಕಡೆ ತಿರುಗಿದ. ಸ್ವಲ್ಪ ಹೊತ್ತಿನ ಮೇಲೆ ಹಾಡು ಕೇಳುತ್ತೀರೇನು ಎಂದು ಕೇಳಿ, ಅವಳು ಹೂಂ ಅಂದದ್ದಕ್ಕೆ ಒಂದು ಲಿಂಕ್ ಕಳಿಸಿದ. ತ್ರೀ ಫೇಸ್ ಎಂಬ ಬ್ಯಾಂಡಿನ ‘ಎರಿ ಮಸಾರಿ’ ಎಂಬ ಆಲ್ಬಂ. ಯಾರ ಬ್ಯಾಂಡು, ಎಲ್ಲಿಯದು, ಏನೂ ಹೇಳಲಿಲ್ಲ. ಬಿಡುವಾದಾಗ ಪೂರ್ತಿ ಕೇಳಿರಿ ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಸಂಜೆ ಅವರೆಲ್ಲ ಹೋದ ಮೇಲೆ ಅಂಕಿತಾ ಅಡುಗೆಮನೆಯಲ್ಲಿ ಫೋನನ್ನು ಕಟ್ಟೆಯ ಮೇಲಿಟ್ಟು ಮೊದಲನೇ ಹಾಡು ಹಚ್ಚಿದಳು. ಪಕ್ಕದಲ್ಲಿ ಮಿಕ್ಸರ್ ತಿರುಗುತ್ತಿತ್ತು. ಫೋನಿನಿಂದ ಕಬ್ಬಿಣ ಕಿರುಗುಟ್ಟಿದಂಥ ಸದ್ದು, ಆಮೇಲೆ ಒಬ್ಬ ಗಂಡಸಿನ ದೊಡ್ಡ ಕೂಗು. ಅರ್ಧ ನಿಮಿಷ ಕೂಡ ಕೇಳಿರಲಿಲ್ಲ, ಬಂದ್ ಮಾಡಿದಳು. ಚಿಕ್ಕಪ್ಪನ ಮಗಳು ಐಶ್ವರ್ಯಾ ಆಗಲೇ ಹುಡುಗ ಹೇಗಿದ್ದಾನೆ ಎಂದು ಮೆಸೇಜಿನ ಮೇಲೆ ಮೆಸೇಜು ಹಾಕುತ್ತಿದ್ದಳು. ಅಂಕಿತಾ ಹಾಡಿನ ತುಣುಕು ಕಳಿಸಿ, ಅದರ ಬೆನ್ನಿಗೇ ನಗುತ್ತ ಮಾತಾಡಿ ಕಳಿಸಿದಳು.

“ಇಂಥಾ ಹಾಡು ಕೇಳ್ತಾನಂತ ಲೇ ಐಶೂ. ತಗಡಿನ ಶೆಡ್ಡಿನ್ಯಾಗ ಎಮ್ಮಿ ಸಿಕ್ಕೊಂಡಂಗ ಐತಿ. ಹಾಡಾವಂದು ಯಾರೋ ಹಲ್ಲು ಕೀಳಾಕತ್ತಾರ ನೋಡು.”

ಮರುದಿನ ಅಪ್ಪನಿಗೆ ಹುಡುಗ ಒಪ್ಪಿಗೆಯಿಲ್ಲ ಎಂದಳು. ಅಷ್ಟು ಎತ್ತರ ಹತ್ತುವ ಕೆಲಸ, ಜೀವದ ಭರವಸೆ ಇಲ್ಲ ಎಂಬ ಕಾರಣ ಸುಲಭವಾಗಿ ಸಿಕ್ಕಿತು. ಉಳವಪ್ಪ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ, ಒಂದು ಮಾತಿಗೆ ನಿಲ್ಲುವ ಮನುಷ್ಯ. ಮಗಳ ಮಾತನ್ನು ಹಾಗೇ ಮುಂಡರಗಿಗೆ ತಿಳಿಸಿ, ಆ ವಿಷಯ ಮುಗಿಸಿದ.

ಆದರೆ ವಿಷಯ ಮುಗಿದಿರಲಿಲ್ಲ. ಐಶ್ವರ್ಯಾ ಆ ಧ್ವನಿಯನ್ನು ಗೆಳತಿಯರಿಗೆ ಕಳಿಸಿದಳು. ಗೆಳತಿಯರು ಇನ್ನಾರಿಗೋ ಕಳಿಸಿದರು. ಯಾರೋ ಒಬ್ಬ ಹಾಡಿನ ಕೂಗಿಗೆ ಅಂಕಿತಾಳ ಮಾತು ಜೋಡಿಸಿ, ಹಗ್ಗ ಹರಿದುಕೊಂಡು ಓಡುವ ಎಮ್ಮೆಯ ವಿಡಿಯೋಕ್ಕೆ ಹಚ್ಚಿ ರೀಲ್ ಮಾಡಿದ. ಗಣಪತಿ ಹಬ್ಬ ಬರುವಷ್ಟರಲ್ಲಿ ಅದು ಗದಗ, ಬೆಟಗೇರಿ, ಶಿರಹಟ್ಟಿ, ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ಮದುವೆಗಳಲ್ಲಿ ಹುಡುಗರು ಅದಕ್ಕೆ ಕುಣಿದರು. ಬ್ಯಾಂಡಿಗೆ ಎಮ್ಮಿ ಬ್ಯಾಂಡ್ ಎಂದು ಹೆಸರು ಬಿತ್ತು.

ಬಸ್ಸಿನಲ್ಲಿ ಹಿಂದಿನ ಸೀಟಿನವನ ಫೋನಿನಿಂದ ತನ್ನದೇ ಧ್ವನಿ ಬಂದಾಗ ಅಂಕಿತಾ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು. ಐಶ್ವರ್ಯಾಳಿಗೆ ಫೋನು ಮಾಡಿ ಬೈದಳು. ಐಶ್ವರ್ಯಾ ಅತ್ತಳು, ಅಳಿಸಲು ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ನಿನ್ನ ಹೆಸರಂತೂ ಅದರಲ್ಲಿ ಇಲ್ಲವಲ್ಲ ಎಂದು ಸಮಾಧಾನವನ್ನೂ ಹೇಳಿದಳು. ಹೆಸರಿಲ್ಲ ಎಂಬ ಆ ಮಾತನ್ನು ಹಿಡಿದುಕೊಂಡು ಅಂಕಿತಾ ಸುಮ್ಮನಾದಳು.

*

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬೆಟಗೇರಿಯ ನೇಕಾರ ಗೋಪಣ್ಣ ಮಗನ ಜೊತೆ ಕೇಂದ್ರಕ್ಕೆ ಬಂದ. ಪವರ್‌ಲೂಮಿನ ಸದ್ದಿನಲ್ಲಿ ಬದುಕು ಕಳೆದವನ ಕಿವಿ, ಎರಡೂ ಮಂದವಾಗಿದ್ದವು. ಅಂಕಿತಾ ತಪಾಸಣೆ ಮಾಡಿ ಮಷಿನ್ ಹಾಕಿದಳು. ಫ್ಯಾನಿನ ಸದ್ದು ಕೇಳಿ ಗೋಪಣ್ಣ ತಲೆಯೆತ್ತಿ ಅದನ್ನೇ ನೋಡುತ್ತ ಕುಳಿತ, ಅದು ಈಗಷ್ಟೇ ಹುಟ್ಟಿದ ಹಾಗೆ.

ಮಗನ ಹೆಸರು ಸುನಿಲಕುಮಾರ. ಉದ್ದ ಕೂದಲು, ಬೆರಳ ತುದಿಯಲ್ಲಿ ಗಟ್ಟಿ ಜಡ್ಡು. ಅಪ್ಪನಿಗೆ ಹಾಡು ಕೇಳಿಸುತ್ತದೋ ನೋಡಬಹುದೇ ಎಂದು ಸಂಕೋಚದಿಂದ ಕೇಳಿದ. ಸದ್ದು ನುಸುಳದ ತಪಾಸಣೆಯ ಕೋಣೆಗೇ ಮೂವರೂ ಹೋದರು. ಅಂಕಿತಾ ಬಾಗಿಲು ಹಾಕಿದಳು. ಸುನಿಲ ತನ್ನ ಫೋನಿನಲ್ಲಿ ಒಂದು ಹಾಡು ಹಚ್ಚಿದ.

ಮೊದಲು ಮಗ್ಗದ ಸದ್ದು, ದೂರದ್ದು. ಆ ಲಯದ ಮೇಲೆ ಒಂದು ಗಿಟಾರು ಮೆಲ್ಲಗೆ ಬಂದು ಕುಳಿತಿತು. ಆಮೇಲೆ ಒಬ್ಬ ಗಂಡಸು ಹಾಡಿದ, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಬಾರದು ಎನ್ನುವಷ್ಟು ಸಣ್ಣ ದನಿಯಲ್ಲಿ:

ಹ್ವಾದ ಲಾಳಿ ಬರತೈತಿ, ಬಂದ ಲಾಳಿ ಹೋಗತೈತಿ,
ನಡುವ ಏನು ನೇಯಿತಂತ ನಿಂತು ಯಾರೂ ನೋಡಲಿಲ್ಲ.

ಅಂಕಿತಾಳ ಮೈ ನವಿರೆದ್ದಿತು. ದನಿ ಮೇಲೇರಿತು, ಒಡೆಯಿತು, ಒಡೆದ ಜಾಗದಿಂದಲೇ ಮತ್ತೆ ಹತ್ತಿತು. ಡ್ರಮ್ಮು ಬಿದ್ದಾಗ ಅವಳ ಕಾಲ ಬೆರಳು ತಾವಾಗಿಯೇ ನೆಲ ಒತ್ತಿದವು. ಗೋಪಣ್ಣ ಕಣ್ಣು ಮುಚ್ಚಿಕೊಂಡು ಮಗನ ಮೊಣಕಾಲ ಮೇಲೆ ಕೈಯಿಟ್ಟಿದ್ದ. ಹಾಡು ಮುಗಿದ ಮೇಲೆ, ಇಷ್ಟು ದಿನ ಶೆಡ್ಡಿನಲ್ಲಿ ಇದನ್ನೇ ಮಾಡುತ್ತಿದ್ದಿರಾ ನೀವು, ನಾನು ಜಗಳಾಡುತ್ತೀರಿ ಅಂದುಕೊಂಡಿದ್ದೆ ಎಂದ.

ಯಾರ ಹಾಡು ಇದು ಎಂದು ಅಂಕಿತಾ ಕೇಳಿದಳು.

“ನಮ್ದ ಬ್ಯಾಂಡ್ರಿ,” ಎಂದ ಸುನಿಲ. “ತ್ರೀ ಫೇಸ್ ಅಂತ. ಆ ಹೆಸರು ನಿಮಗ ಗೊತ್ತಿರಂಗಿಲ್ಲ. ಎಮ್ಮಿ ಬ್ಯಾಂಡ್ ಅಂದ್ರ ಗೊತ್ತಾಗ್ತೈತಿ.”

ಅಂಕಿತಾ ಅವನಿಗೆ ಬೆನ್ನು ಮಾಡಿ ಮಷಿನಿನ ಡಬ್ಬಿ ಮುಚ್ಚತೊಡಗಿದಳು.

ಸುನಿಲ ಅದನ್ನು ಗಮನಿಸದೆ ಹೇಳುತ್ತ ಹೋದ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೂಡಿದ ಮೂವರು ಅವರು. ತಾನು ಗಿಟಾರು, ಸೋಮೇಶ ಡ್ರಮ್ಮು, ಹಾಡು ಬರೆದು ಹಾಡುವವನು ಮುಂಡರಗಿಯ ಶಿವಯೋಗಿ. ರೂಮು ಸಿಗದ್ದಕ್ಕೆ ಅಪ್ಪನ ಮಗ್ಗದ ಶೆಡ್ಡಿನಲ್ಲೇ, ರಜೆಯ ದಿನ ನೋಡಿಕೊಂಡು, ಮೂರು ವರ್ಷ ರೆಕಾರ್ಡ್ ಮಾಡಿದ ಆಲ್ಬಂ. ಯಾರೂ ಕೇಳಲಿಲ್ಲ. ಅದಕ್ಕೆ ಬೇಜಾರಿರಲಿಲ್ಲ. ಈ ರೀಲ್ ಬಂದ ಮೇಲೆ ಮೊದಲ ಸಲ ಒಂದು ದೊಡ್ಡ ಕಾರ್ಯಕ್ರಮಕ್ಕೆ ಕರೆ ಬಂತು. ಹೋದರೆ, ಎಮ್ಮೆಯ ಮುಖವಾಡ ಹಾಕಿಕೊಂಡು ಆ ಒಂದು ಹಾಡು ಹಾಡಿರಿ ಎಂದರಂತೆ. ಶಿವಯೋಗಿ ಮೈಕು ಕೆಳಗಿಟ್ಟು ಹೊರಟ. ಅಂದಿನಿಂದ ಹಾಡಿಲ್ಲ.

“ಅವಗ ಆ ರೀಲಿನ್ಯಾಗ ನಕ್ಕಾಕಿ ಯಾರಂತ ಗೊತ್ತೈತ್ರಿ,” ಎಂದ ಸುನಿಲ ಕೊನೆಗೆ. “ಎಷ್ಟು ಕೇಳಿದ್ರೂ ಬಾಯಿ ಬಿಡವಲ್ಲ. ತಿಳಕೊಂಡು ಏನ್ ಮಾಡ್ತಿ, ಬಿಡು ಅಂತಾನ.”

*

ಲಕ್ಷ್ಮೇಶ್ವರದಿಂದ ಗದಗಿಗೆ ದಿನವೂ ಬಸ್ಸಿನ ಓಡಾಟ. ಮರುದಿನದಿಂದ ಅಂಕಿತಾ ಕಿಟಕಿಯ ಪಕ್ಕ ಕುಳಿತು ಇಯರ್‌ಫೋನ್ ಹಾಕಿಕೊಂಡು ‘ಎರಿ ಮಸಾರಿ’ ಕೇಳತೊಡಗಿದಳು. ಮೊದಲನೆಯ ಹಾಡಿನಿಂದ, ಈ ಸಲ ಪೂರ್ತಿ.

ಅವಳು ನಕ್ಕ ಆ ಕಿರುಗುಟ್ಟುವ ಸದ್ದು ಗಾಳಿಯಂತ್ರದ ಕಂಬದೊಳಗೆ ನಿಂತು ಹಿಡಿದದ್ದು. ಆ ಕೂಗು, ಮೇಲೆ ಕೆಲಸ ಮಾಡುವವನು ಕೆಳಗಿನವನನ್ನು ಕರೆಯುವ ಕೂಗು. ಕೆಳಗಿನವನಿಗೆ ಅದು ಕೇಳಿಸುವುದಿಲ್ಲ. ಹಾಡಿಡೀ ಅವನು ಕರೆಯುತ್ತಾನೆ, ಕೊನೆಗೆ ಗಾಳಿಯೇ ಓ ಎನ್ನುತ್ತದೆ. ಅವಳು ಬಂದ್ ಮಾಡಿದ ಜಾಗದಿಂದ ಎರಡು ಉಸಿರು ಮುಂದೆ ಹೋದರೆ ಇಡೀ ಹಾಡು ಹೂವಿನಂತೆ ಬಿಚ್ಚಿಕೊಳ್ಳುತ್ತಿತ್ತು.

ಯಳವತ್ತಿಯ ಹೊಲಗಳು ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದವು. ಕರಿ ಎರೆ ನೆಲದಲ್ಲಿ ಕಡಲೆ ಮೊಳೆತಿತ್ತು, ದೂರದಲ್ಲಿ ಗುಡ್ಡದ ಕಡೆ ಕೆಂಪು ಮಸಾರಿ ನೆಲ. ಎರಡೂ ಕೂಡುವ ಗೆರೆಯ ಮೇಲೆ ಮನೆ ಕಟ್ಟುತ್ತೇನೆ ಎನ್ನುವ ಹಾಡೊಂದಿತ್ತು. ಇದೇ ದಾರಿಯನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ಈಗ ಯಾರೋ ಪಕ್ಕದಲ್ಲಿ ಕುಳಿತು ಬೆರಳು ಮಾಡಿ ತೋರಿಸುತ್ತಿದ್ದರು.

ಹಾಡು ಹೆಚ್ಚು ಹಿಡಿಸಿದಷ್ಟೂ ಅವಳಿಗೆ ಹೆಚ್ಚು ಸಂಕಟವಾಯಿತು. ಒಂದೊಂದು ಸೊಗಸಾದ ಸಾಲು ಬಂದಾಗಲೂ ಅದರ ಬೆನ್ನಿಗೆ ತನ್ನ ನಗು ಕೇಳಿಸುತ್ತಿತ್ತು. ಊಟಕ್ಕೆ ಕುಳಿತರೆ ಅರ್ಧಕ್ಕೇ ತಟ್ಟೆ ಸರಿಸುತ್ತಿದ್ದಳು. ಅವ್ವ ಜ್ವರವೇನು ಎಂದು ಹಣೆ ಮುಟ್ಟಿ ನೋಡಿದಳು.

ಗೋಪಣ್ಣನ ಮಷಿನ್ ಸರಿಮಾಡಿಸಲು ಸುನಿಲ ಅಪ್ಪನ ಜೊತೆ ಮತ್ತೆ ಬಂದಾಗ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ರೀಲಿನಲ್ಲಿ ನಕ್ಕ ಆ ಧ್ವನಿ ನನ್ನದು ಎಂದಳು. ಸುನಿಲ ಮೊದಲು ನಂಬಲಿಲ್ಲ. ಆಮೇಲೆ ಅವಳ ಮುಖವನ್ನು ಬಹಳ ಹೊತ್ತು ನೋಡಿ, ಅಪ್ಪನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಟುಹೋದ. ಬಾಗಿಲು ದಾಟುವಾಗ ಒಂದೇ ಮಾತು ಹೇಳಿದ: ಅವನು ಮನುಷ್ಯ, ಎಮ್ಮೆಯಲ್ಲ.

ಮುಂದಿನ ವಾರ ಗೋಪಣ್ಣ ಒಬ್ಬನೇ ಆಟೋ ಮಾಡಿಕೊಂಡು ಬಂದ. ಅಂಕಿತಾ ತಲೆ ತಗ್ಗಿಸಿ ಎದ್ದು ನಿಂತಳು.

“ಕುಂಡ್ರವಾ,” ಎಂದ ಅವನು. “ಸಿಟ್ಟು ಅವಂದು, ಕಿವಿ ನಂದು. ಎಡಕಿನದು ಸೀಟಿ ಹೊಡ್ಯಾಕತ್ತೈತಿ, ನೋಡು.”

ಅವಳು ನೋಡಿದಳು. ಸೀಟಿ ನಿಂತಿತು. ಕಣ್ಣು ಒರೆಸಿಕೊಂಡು, ಅವತ್ತು ಮಧ್ಯಾಹ್ನವೇ ಶಿವಯೋಗಿಗೆ ಮೆಸೇಜು ಹಾಕಿದಳು. ನಿಮ್ಮ ಹತ್ತಿರ ಮಾತಾಡಬೇಕು, ಎಲ್ಲಿಗೆ ಹೇಳಿದರೆ ಅಲ್ಲಿಗೆ ಬರುತ್ತೇನೆ ಎಂದು. ಸಂಜೆ ಉತ್ತರ ಬಂತು. ಭಾನುವಾರ ಡೋಣಿಗೆ ಬರ್ರಿ, ಗುಡ್ಡದ ಕೆಳಗಿನ ಚಹಾದಂಗಡಿ.

*

ಕಪ್ಪತಗುಡ್ಡದ ನೆತ್ತಿಯ ಮೇಲೆ ಬಿಳಿ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು. ಶಿವಯೋಗಿ ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಕಂಬ ಹತ್ತುವಾಗ ಬಿಗಿಯುವ ಸೊಂಟದ ಪಟ್ಟಿಯ ಕಲೆ ಅಂಗಿಯ ಮೇಲೆ ಹಾಗೇ ಇತ್ತು. ಅವಳಿಗೆ ಚಹಾ ಹೇಳಿ, ಎದುರಿಗೆ ಅಲ್ಲ, ಬೆಂಚಿನ ಆ ತುದಿಗೆ ಕುಳಿತ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವಳಿಗೆ ಮರೆತುಹೋದವು. ಅದು ನನ್ನ ಧ್ವನಿ ಎಂದಷ್ಟೇ ಹೇಳಿದಳು.

“ಗೊತ್ತೈತ್ರಿ,” ಎಂದ ಶಿವಯೋಗಿ. “ಮಾಳಿಗಿ ಮ್ಯಾಲೆ ಕೇಳಿದ್ನಲ್ಲ. ಮರೆಯೂವಂಥ ಧ್ವನಿ ಅಲ್ಲ ಅದು.”

“ಮತ್ತ ಯಾರಿಗೂ ಯಾಕ ಹೇಳಲಿಲ್ಲ?”

“ಹೇಳಿದ್ರ ಅದಕ್ಕ ನಿಮ್ಮ ಫೋಟೋ ಹಚ್ಚತಿದ್ರು. ನಕ್ಕದ್ದು ಸಾಕಾಗಿತ್ತು.”

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಚಹಾದ ಕಪ್ ಹಿಡಿದುಕೊಂಡೇ ಅಳತೊಡಗಿದಳು. ಅವನು ಅದನ್ನು ಮೆಲ್ಲಗೆ ತೆಗೆದು ಬೆಂಚಿನ ಮೇಲಿಟ್ಟು, ಗುಡ್ಡದ ಕಡೆ ತಿರುಗಿ ಕುಳಿತ, ಅವಳು ಅಳುವುದು ಮುಗಿಯುವ ತನಕ.

ಆಮೇಲೆ ಅವಳು ಹಾಡುಗಳ ಬಗ್ಗೆ ಹೇಳಿದಳು. ಬಸ್ಸಿನಲ್ಲಿ ಕೇಳಿದ್ದು, ಲಾಳಿಯ ಹಾಡಿನಲ್ಲಿ ದನಿ ಒಡೆಯುವ ಜಾಗ, ಕೊನೆಯಲ್ಲಿ ಗಾಳಿ ಓ ಎನ್ನುವುದು. ನೀವು ಹಾಡುವುದು ಬಿಡಬಾರದು ಎಂದಳು. ಅವನು ಕೇಳುತ್ತ ಹೋದ ಹಾಗೆ ಮುಖದಲ್ಲಿ ಸಂತೋಷ ಬಂದು ಬಂದು ಹಿಂದೆ ಸರಿಯುತ್ತಿತ್ತು.

“ನಾ ಬಿಟ್ಟಿಲ್ರಿ,” ಎಂದ. “ಬರವಲ್ದು. ಹಾಡಾಕ ಬಾಯಿ ತಗದ್ರ ನಿಮ್ಮ ನಗಿ ಮೊದಲ ಬರತೈತಿ.”

ಅಂಕಿತಾ ಆರಿದ ಚಹಾವನ್ನು ದೂರ ಸರಿಸಿದಳು. ಅವನೇ ಮತ್ತೆ ಕೇಳಿದ.

“ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಇಲ್ಲಿ ತನಕ ಬಂದದ್ದು ಹಾಡಿನ ಸಲವಾಗೋ, ತಪ್ಪಿನ ಸಲವಾಗೋ?”

“ಎರಡೂ. ಯಾವುದು ಎಷ್ಟು ಅಂತ ನನಗ ಬ್ಯಾರೆ ಮಾಡಾಕ ಬರವಲ್ದು.”

“ಪಾಪ ಅನಿಸಿ ಹಾಡು ಚಲೋ ಅನಿಸಿದ್ರ ನನಗ ಅದು ಬ್ಯಾಡ್ರಿ. ನಕ್ಕದ್ದಕ್ಕಿಂತ ಅದು ಹೆಚ್ಚು ತ್ರಾಸ.” ಓರೆಗಣ್ಣಿನಿಂದ ಅವಳನ್ನು ನೋಡಿದ. “ಹಂಗಾರ ಹೇಳ್ರಿ. ಅದರಾಗ ಯಾ ಹಾಡು ಚಲೋ ಇಲ್ಲ?”

ಅಂಕಿತಾ ಗಾಬರಿಯಾದಳು. ಕ್ಷಮೆ ಕೇಳಲು ಬಂದವಳು ಇದಕ್ಕೇನು ಹೇಳಬೇಕು. ಎಲ್ಲ ಚಲೋ ಅವ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ.

“ಉಳ್ಳಾಗಡ್ಡಿ ಹಾಡು,” ಎಂದಳು ತಗ್ಗಿದ ದನಿಯಲ್ಲಿ. “ನಗಸಾಕ ಹೋಗಿ ಸೋತೈತಿ. ಆ ಹಾಡು ಬಂದಾಗ ನಾ ಮುಂದ ಹೋಗ್ತೀನಿ. ಅದು ಇರಬಾರದಿತ್ತು.”

ಶಿವಯೋಗಿ ಅವಳನ್ನೇ ನೋಡಿದ. ಆಮೇಲೆ ನಗತೊಡಗಿದ, ಚಹಾದಂಗಡಿಯವನು ಹೊರಬಂದು ನೋಡುವಷ್ಟು ದೊಡ್ಡದಾಗಿ.

“ಸುನಿಲ್ಯಾ ಬ್ಯಾಡ ಅಂತ ಕಾಲ ಬಿದ್ದಿದ್ದ. ನಾ ಹಟಾ ಮಾಡಿ ಹಾಕ್ಸಿದೆ,” ಎಂದ ಕಣ್ಣೊರೆಸಿಕೊಳ್ಳುತ್ತ. “ನೀವು ಖರೇನ ಕೇಳೀರಿ.”

ಅವತ್ತು ಅವನು ಅವಳನ್ನು ಬಸ್ಸಿನ ತನಕ ಬಿಟ್ಟು ಹೋದ. ಕ್ಷಮಿಸಿದೆ ಎನ್ನಲಿಲ್ಲ. ಅವಳೂ ಕೇಳಲಿಲ್ಲ.

*

ಆ ಭಾನುವಾರದ ನಂತರ ಅವರ ನಡುವೆ ಮಾತು ಬೆಳೆಯಿತು. ಬೆಳಿಗ್ಗೆ ಅವನು ಗುಡ್ಡದ ಮೇಲಿನಿಂದ ಮೋಡದ ಫೋಟೋ ಕಳಿಸುತ್ತಿದ್ದ. ಅವಳು ಬಸ್ಸಿನ ಕಿಟಕಿಯಿಂದ ಅದೇ ಗುಡ್ಡದ ಫೋಟೋ ಕಳಿಸಿ, ಇದರಲ್ಲಿ ನೀವು ಎಲ್ಲಿದ್ದೀರಿ ಎಂದು ಕೇಳುತ್ತಿದ್ದಳು. ಎಡದಿಂದ ಮೂರನೇ ಫ್ಯಾನು, ಕೈ ಮಾಡುತ್ತಿದ್ದೇನೆ, ಕಾಣುವುದಿಲ್ಲವೇ ಎಂದು ಅವನು. ಕಾಣುತ್ತದೆ, ಕೂದಲು ಬಾಚಿಕೊಂಡಿಲ್ಲ ಎಂದು ಇವಳು.

ಒಂದು ಮಧ್ಯಾಹ್ನ ಅವನಿಂದ ಒಂದು ಧ್ವನಿಯ ಮೆಸೇಜು ಬಂತು. ಅಂಕಿತಾ ತಪಾಸಣೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದಳು. ಬರೀ ಗುನುಗು. ಶಬ್ದಗಳಿಲ್ಲ, ಸುತ್ತ ಗಾಳಿ ಬಡಿಯುವ ಸದ್ದು. ನಡುವೆ ಎರಡು ಸಲ ನಿಂತು ಮತ್ತೆ ಸುರುವಾಗಿತ್ತು. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು, ಹೊರಗೆ ಕಾಯುವವರನ್ನೂ ಮರೆತು, ಮತ್ತೆ ಮತ್ತೆ ಕೇಳಿದಳು. ಹೇಗಿದೆ ಎಂದು ಅವನು ಕೇಳಿದ್ದಕ್ಕೆ, ಎರಡನೆಯ ಸಲ ನಿಂತ ಜಾಗದಲ್ಲಿ ಅಂಜಿದ್ದೀರಿ, ಅಲ್ಲಿ ಅಂಜಬಾರದು ಎಂದು ಬರೆದಳು. ಮರುದಿನ ಅದೇ ಗುನುಗು ಮತ್ತೆ ಬಂತು. ಆ ಜಾಗದಲ್ಲಿ ಅಂಜಿಕೆ ಇರಲಿಲ್ಲ.

ಇದು ಪ್ರೀತಿ ಎಂದು ಅವಳಿಗೆ ಅದೇ ದಿನ ತಿಳಿಯಿತು. ತಿಳಿದದ್ದೇ ತಡ, ಹೆದರಿಕೆಯೂ ಬಂತು. ತಾನು ಬೇಡ ಎಂದ ಹುಡುಗ. ತಾನೇ ಬೀದಿಗೆ ಎಳೆದ ಮನುಷ್ಯ. ಅವನ ಒಳ್ಳೆಯತನ ತನಗೆ ಸಲ್ಲುವಂಥದ್ದೇ? ಅವನು ಯಾರಿಗೂ ಹೆಸರು ಹೇಳದೆ ತನ್ನನ್ನು ಕಾಯ್ದ. ತಾನು ಆ ಹೆಸರಿಲ್ಲದ ಜಾಗದಲ್ಲಿ ಬೆಚ್ಚಗೆ ಕುಳಿತು ಅವನ ಹಾಡು ಕೇಳುತ್ತಿದ್ದಾಳೆ. ಅವನ ಮೋರೆ ನೋಡಿ ಈಗಲೂ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಎಮ್ಮೆಯ ಹಾಗೆ ಕೂಗುತ್ತಾರೆ ಎಂದು ಗೋಪಣ್ಣ ಹೇಳಿದ್ದ.

ಶಿವಯೋಗಿಯನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದ. ಅವಳು ಕೇಳಲಿಲ್ಲ. ಒಂದು ಸಂಜೆ ಕೇಂದ್ರದ ಬಿಳಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಫೋನು ಎದುರಿಗಿಟ್ಟು, ಮುಖ ಮುಚ್ಚಿಕೊಳ್ಳದೆ ಮಾತಾಡಿದಳು.

“ನಾನು ಅಂಕಿತಾ, ಲಕ್ಷ್ಮೇಶ್ವರದಾಕಿ. ನೀವೆಲ್ಲಾ ನಕ್ಕ ಆ ಮಾತು ನಂದು. ಮಂದಿ ಕಿವಿ ನೋಡೂದು ನನ್ನ ಕೆಲಸ, ಆದ್ರ ನಾ ಆ ಹಾಡು ಕೇಳಿರಲೇ ಇಲ್ಲ. ಕೇಳದ ನಕ್ಕೆ. ಈಗ ಪೂರ್ತಿ ಕೇಳೀನಿ. ನನ್ನ ಬಾಳಿನಾಗ ಇದಕ್ಕಿಂತ ಚಲೋ ಹಾಡು ಕೇಳಿಲ್ಲ. ನನಗ ನಾಚಿಕಿ ಆಗೈತಿ. ನೀವು ಒಮ್ಮೆ ಪೂರ್ತಿ ಕೇಳ್ರಿ, ಆಮ್ಯಾಲೆ ನಗೂದಿದ್ರ ನನ್ನ ನೋಡಿ ನಗ್ರಿ.”

ಆ ವಿಡಿಯೋವನ್ನು ರೀಲ್ ಮಾಡಿ ಹಾಕಿದಳು. ಮಂದಿ ನಕ್ಕರು. ಅವಳ ಮುಖಕ್ಕೂ ಎಮ್ಮೆಯ ಕೋಡು ಹಚ್ಚಿದರು. ಅವನಿಗೂ ಇವಳಿಗೂ ಏನೋ ಇದೆ ಎಂದು ಹೊಲಸು ಮಾತು ಬರೆದರು. ಐಶ್ವರ್ಯಾ ಫೋನು ಮಾಡಿ ಮನೆತನದ ಮಾನ ಹೋಯಿತು ಎಂದಳು. ಆದರೆ ನಡುನಡುವೆ ಬೇರೆ ಮಾತುಗಳೂ ಬರತೊಡಗಿದವು. ಶಿರಹಟ್ಟಿಯ ಒಬ್ಬ ಶಿಕ್ಷಕಿ ಲಾಳಿಯ ಹಾಡು ಕೇಳಿ ಅತ್ತುಬಿಟ್ಟೆ ಎಂದು ಬರೆದಳು. ಮಲ್ಲಸಮುದ್ರದ ಯಾರೋ, ಇದು ನಮ್ಮ ನೆಲದ ಹಾಡು, ಇಷ್ಟು ದಿನ ಎಲ್ಲಿತ್ತು ಎಂದು ಕೇಳಿದ. ಅಂಥವರು ಬಹಳ ಮಂದಿಯೇನೂ ಇರಲಿಲ್ಲ. ಬಂದವರು ಮಾತ್ರ ನಿಂತು ಕೇಳಿದರು.

ಶಿವಯೋಗಿಯಿಂದ ಅವತ್ತು ಒಂದೂ ಮಾತು ಬರಲಿಲ್ಲ. ಮರುದಿನವೂ ಇಲ್ಲ. ಅವನಿಗೆ ಸಿಟ್ಟು ಬಂದಿದೆ, ಮರೆಯುತ್ತಿದ್ದ ಗಾಯವನ್ನು ಮತ್ತೆ ಕೆದಕಿದೆ ಎಂದು ಅವಳು ಕುದಿದಳು.

ಮೂರನೆಯ ದಿನ ಕೇಂದ್ರದ ಮುಂದೆ ಸುನಿಲ ಬೈಕು ನಿಲ್ಲಿಸಿ ನಿಂತಿದ್ದ. ಮುಖ ಗಂಟು ಹಾಕಿಕೊಂಡೇ ಇದ್ದ. ಬೆಟಗೇರಿಗೆ ಬರಬೇಕಂತೆ, ಅಪ್ಪ ಕರೆದಿದ್ದಾನೆ ಎಂದ. ಅವನ ಬೈಕಿನ ಹಿಂದೆ ಆಟೋದಲ್ಲಿ ಅವಳು ಹೋದಳು.

ಮಗ್ಗದ ಶೆಡ್ಡಿಗೆ ಅಂದು ರಜೆ. ಅರ್ಧ ನೇಯ್ದ ಸೀರೆಗಳ ನಡುವೆ ಸೋಮೇಶನ ಡ್ರಮ್ಮು, ಎರಡು ಹಳೆಯ ಸ್ಪೀಕರು. ಗೋಪಣ್ಣ ಒಂದು ಮಣೆಯ ಮೇಲೆ ಕುಳಿತು ಎರಡೂ ಕಿವಿಗೆ ಮಷಿನ್ ಹಾಕಿಕೊಂಡಿದ್ದ. ಮೈಕಿನ ಮುಂದೆ ಶಿವಯೋಗಿ ನಿಂತಿದ್ದ. ಅವಳನ್ನು ನೋಡಿ ನಗಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ.

ಹಾಡಿದ. ಮೊದಲ ಸಾಲಿನಲ್ಲೇ ದನಿ ನಡುಗಿ ನಿಂತುಹೋಯಿತು. ಸುನಿಲ ಗಿಟಾರು ನಿಲ್ಲಿಸಲಿಲ್ಲ, ಅದೇ ಜಾಗವನ್ನು ಮತ್ತೆ ಮತ್ತೆ ನುಡಿಸುತ್ತ ಗೆಳೆಯನಿಗೆ ಕಾಯ್ದ. ಅಂಕಿತಾ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಶಿವಯೋಗಿ ಅವಳನ್ನು ನೋಡಿದ, ಉಸಿರೆಳೆದ, ಮತ್ತೆ ಎತ್ತಿಕೊಂಡ. ಈ ಸಲ ದನಿ ಒಡೆಯಿತು, ಒಡೆದು ಮೇಲೆ ಹೋಯಿತು, ತಗಡಿನ ಮಾಡು ಅದಕ್ಕೆ ದನಿಗೂಡಿಸಿತು. ಅವಳು ಅಳುತ್ತಿದ್ದಳು, ಅವನು ಹಾಡುತ್ತಿದ್ದ, ಇಬ್ಬರೂ ನಿಲ್ಲಿಸಲಿಲ್ಲ.

ಆಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಅವನು ಹೇಳಿದ, ಎರಡು ದಿನ ಮಾತಾಡದ್ದು ಸಿಟ್ಟಿನಿಂದಲ್ಲ. ನಿಮಗೆ ಅಷ್ಟು ಮಂದಿ ಬೈಯುವುದನ್ನು ಓದಿ ಓದಿ ಏನು ಹೇಳಬೇಕೋ ತಿಳಿಯಲಿಲ್ಲ. ಹೇಳಲು ಬಾರದ್ದಕ್ಕೆ ಹಾಡಿದೆ.

“ಮಾಳಿಗಿ ಮ್ಯಾಲೆ ನೀವು ಅಂಜಿಕಿ ಆಗಂಗಿಲ್ಲೇನು ಅಂತ ಕೇಳಿದ್ರಿ,” ಎಂದ. “ಉಳಿದ ಹುಡುಗ್ಯಾರೆಲ್ಲಾ ಪಗಾರ ಕೇಳತಿದ್ರು. ಅವತ್ತ ನೀವು ನನ್ನ ಮನಸ್ಸಿಗೆ ಬಂದ್ರಿ. ಈ ತನಕಾ ಹೋಗಿಲ್ಲ.”

*

ಉಳವಪ್ಪನಿಗೆ ಆ ವಿಡಿಯೋವನ್ನು ಪೇಟೆಯಲ್ಲಿ ಯಾರೋ ತೋರಿಸಿದ್ದರು. ಅಂಕಿತಾ ಮನೆಗೆ ಬಂದಾಗ ಅವನು ಪಡಸಾಲೆಯಲ್ಲಿ ಅಂಗಿ ಕೂಡ ಕಳಚದೆ ಕುಳಿತಿದ್ದ. ಬೈಯುತ್ತಾನೆ ಎಂದುಕೊಂಡರೆ, ಆ ಹುಡುಗನಿಗೆ ಇಷ್ಟು ದೊಡ್ಡ ಅನ್ಯಾಯ ಮಾಡಿ, ನನ್ನ ಬಾಯಿಂದ ಅವನ ಕೆಲಸ ಸರಿಯಿಲ್ಲ ಎಂದು ಸುಳ್ಳು ಹೇಳಿಸಿದೆಯಾ ಎಂದು ಕೇಳಿದ. ಅದು ಬೈಗಳಿಗಿಂತ ಹೆಚ್ಚು ನೋಯಿಸಿತು.

ಅವಳು ಅಪ್ಪನ ಕಾಲ ಹತ್ತಿರ ನೆಲದ ಮೇಲೆ ಕುಳಿತಳು. ಎಲ್ಲವನ್ನೂ ಹೇಳಿದಳು. ಕೊನೆಗೆ, ಅವನನ್ನೇ ಮದುವೆಯಾಗಬೇಕು ಎಂದಳು.

ಉಳವಪ್ಪ ಬಹಳ ಹೊತ್ತು ಮೀಸೆ ತಿರುವಿದ.

“ಒಮ್ಮೆ ಬ್ಯಾಡ ಅಂದ ಮನಿಗೆ ಯಾ ಮಾರಿ ಇಟ್ಟಕೊಂಡು ಹೋಗ್ಲಿ ನಾ?”

“ನಿಮ್ಮ ಮಾರಿ ಬ್ಯಾಡ್ರಿ ಅಪ್ಪಾಜಿ. ಬ್ಯಾಡ ಅಂದಾಕಿ ನಾನು, ನನ್ನ ಮಾರಿ ಮುಂದಿಟ್ಟಕೊಂಡು ಹೋಗೂಣು.”

ಹಾಗೆ ಲಕ್ಷ್ಮೇಶ್ವರದ ಹುಡುಗಿ ಮುಂಡರಗಿಗೆ ವರನನ್ನು ನೋಡಲು ಹೋದಳು. ಓಣಿಯ ಹೆಂಗಸರು ಕಟ್ಟೆಗೆ ಬಂದು ನಿಂತು ನೋಡಿದರು. ಶಿವಯೋಗಿಯ ತಾಯಿ ಮಂಜವ್ವ ನೀರು ಕೊಟ್ಟಳು, ಕುಳ್ಳಿರಿಸಿದಳು, ಆದರೆ ಮುಖ ಬಿಗಿದುಕೊಂಡೇ ಇದ್ದಳು. ಮಗ ತಿಂಗಳುಗಟ್ಟಲೆ ತಲೆ ತಗ್ಗಿಸಿ ಉಂಡದ್ದನ್ನು ನೋಡಿದವಳು ಅವಳು.

ಅಂಕಿತಾ ಚಹಾ ಮುಟ್ಟಲಿಲ್ಲ. ನಿಮ್ಮ ಮಗನ ಹಾಡಿಗೆ ನಕ್ಕವಳು ನಾನೇ, ನೀವು ಬೈದ ಮೇಲೆಯೇ ಕುಡಿಯುತ್ತೇನೆ ಎಂದಳು. ಉಳವಪ್ಪ ನೆಲ ನೋಡಿದ.

ಮಂಜವ್ವ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಮಂದಿ ಬೆನ್ನ ಹಿಂದೆ ನಗುತ್ತಾರೆ, ಎದುರಿಗೆ ಬಂದು ಹೇಳಿದವರನ್ನು ನೋಡಿದ್ದು ಇದೇ ಮೊದಲು ಎಂದಳು. ಆಮೇಲೆ ದನಿ ತಗ್ಗಿಸಿ, “ಖರೆ ಹೇಳಬೇಕಂದ್ರ ನನಗೂ ಅವನ ಹಾಡು ತಿಳಿಯಂಗಿಲ್ಲವಾ. ನೀ ಬಂದು ತಿಳಿಸಿ ಹೇಳು,” ಎಂದಳು.

ಚಹಾ ಆರಿಹೋಗಿತ್ತು. ಮಂಜವ್ವ ಬೇರೆ ಬಿಸಿ ತರಲು ಒಳಗೆ ಎದ್ದಳು. ಹಿರಿಯರ ಮಾತು ದಿನ, ಮುಹೂರ್ತದ ಕಡೆ ತಿರುಗಿತು.

ಶಿವಯೋಗಿ ಹಿತ್ತಲ ಬಾಗಿಲಿಗೆ ಒರಗಿ ನಿಂತು ಅವಳಿಗೆ ಕಣ್ಣಲ್ಲೇ ಬಾ ಎಂದ. ಹೋದಳು. ಬಿಸಿಲಿಗೆ ಕಿರಿದಾದ ಅವನ ಕಣ್ಣಿನಲ್ಲಿ 'ಹುಡುಗ ಒಪ್ಪಿಗೆಯೇ' ಎಂಬ ತುಂಟ ಪ್ರಶ್ನೆ ಇತ್ತು. ಅವಳು ಒಪ್ಪಿಗೆ ಎಂದು ತಲೆಯಾಡಿಸಿದಳು. ಆದರೆ ಅವಳ ಮುಖ ಪೂರ್ತಿ ಅರಳಲಿಲ್ಲ.

ಏನಾಯಿತು ಎಂದು ಅವನು ಕೇಳಿದ.

“ಎಲ್ಲಾರೂ ಮಾಫ್ ಮಾಡಿದ್ರು. ನನಗ ಮಾತ್ರ ಇನ್ನೂ ಆಗವಲ್ದು. ನಿಮ್ಮನ್ನ ನೋಡಿದಾಗೆಲ್ಲಾ ಆ ನಾಚಿಕಿ ಜೋಡಿ ಬರತೈತಿ.”

ಶಿವಯೋಗಿ ಬಾಗಿಲ ಮೇಲಿದ್ದ ಅವಳ ಕೈಯ ಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ತನ್ನ ಕೈಯಿಟ್ಟ.

“ಇರ್ಲಿ ಬಿಡ್ರಿ,” ಎಂದ. “ಅದನ್ನೂ ಕರಕೊಂಡು ಬರ್ರಿ. ನಮ್ಮ ಮನಿ ದೊಡ್ಡದೈತಿ.”